ಮಾಡಿದ್ದುಣ್ಣೋ ಮಹರಾಯ ಅನ್ನೋ ಮುಂಚೆ

ಪರೀಕ್ಷೆಗೆ ಓದದೆ ಫೇಲಾದವನಿಂದ ಹಿಡಿದು ಬಡ್ಡಿಗೆ ಸಾಲ ತಂದು ಕಾರು ಕೊಂಡವನವರೆಗೆ ಯಾರಿಗೆ ಬೇಕಾದರೂ ಹೇಳಬಹುದಾದ ಗಾದೆ ನಮ್ಮಲ್ಲಿ ಒಂದಿದೆ: ಮಾಡಿದ್ದುಣ್ಣೋ ಮಹರಾಯ. ಕಳೆದ ಮೂರು ವರ್ಷದಲ್ಲಿ ಈ ಗಾದೆಯನ್ನ ನಾನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೀನಿ. ತಮಾಷೆ ಅಂದ್ರೆ, ಹೆಚ್ಚಿನ ಸಲ ಕೇಳಿದ್ದು ಊಟದ ಎಲೆ ಮುಂದೆ ಕೂತಾಗಲೇ, ಎಲೆಯಲ್ಲಿ ಇರೋದನ್ನ ಉಣ್ಣೋಕಾಗದೆ ಒದ್ದಾಡ್ತಾ ಇರುವಾಗಲೇ.

ನಾನು ತೂಕ ಇಳಿಸೋಕೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವನು. ಅದರ ಬಗ್ಗೆ ನನ್ನನ್ನ ಕಾಡ್ತಿರೋ ಪ್ರಶ್ನೆ ಇದು. ತಾನೇ ಕೇಳಿ, ಸಹಿ ಹಾಕಿ, ದುಡ್ಡು ಕಟ್ಟಿ ತಂದುಕೊಂಡ ನೋವಿನ ಬಗ್ಗೆ ಒಬ್ಬ ಮನುಷ್ಯ ನರಳಬಹುದಾ? ನರಳಿದರೆ, ಅದನ್ನ ಕೇಳಿಸಿಕೊಳ್ಳೋ ಬಾಧ್ಯತೆ ಬೇರೆಯವರಿಗೆ ಇದೆಯಾ?

ಮೊದಲು ವಿಷಯ ಏನು ಅಂತ ಹೇಳಿಬಿಡ್ತೀನಿ. ನನ್ನ ಎತ್ತರ 5 ಅಡಿ 7 ಇಂಚು. ಆಗ ತೂಕ 124 ಕೆ.ಜಿ. ಮೂವತ್ತು ದಾಟೋದರೊಳಗೆ ಸಕ್ಕರೆ ಕಾಯಿಲೆ, ರಾತ್ರಿ ಉಸಿರು ಕಟ್ಟಿ ಎಚ್ಚರವಾಗೋ ತೊಂದರೆ ಎರಡೂ ಬಂದಿದ್ದವು. ಮಾಡಿಸಿದ್ದು ಗ್ಯಾಸ್ಟ್ರಿಕ್ ಬೈಪಾಸ್. ನಾಗಮಂಗಲದ ಕಡೆಯ ನಮ್ಮೂರಲ್ಲಿ ಗ್ಯಾಸ್ಟ್ರಿಕ್ ಅಂದ್ರೆ ಹುಳಿತೇಗು, ಎದೆಯುರಿ. ಹಾಗಾಗಿ ಊರ ತುಂಬಾ ಹಬ್ಬಿದ ಸುದ್ದಿ, "ಅವ್ನು ಬೆಂಗ್ಳೂರಲ್ಲಿ ಗ್ಯಾಸ್ಟಿಕ್ಕಿಗೆ ಆಪರೇಸನ್ ಮಾಡ್ಸವ್ನಂತೆ" ಅಂತ. ನಾನೂ ತಿದ್ದೋಕೆ ಹೋಗಲಿಲ್ಲ. ತಿದ್ದಿದ್ದರೆ ಇನ್ನೂ ಉದ್ದದ ಕಥೆ ಹೇಳಬೇಕಿತ್ತು.

ಆ ಉದ್ದದ ಕಥೆ ಹೀಗಿದೆ. ಈ ಆಪರೇಷನ್ನಿನಲ್ಲಿ ಜಠರದ ಮೇಲ್ತುದಿಯನ್ನ ಬೇರ್ಪಡಿಸಿ ಸುಮಾರು 30 ಎಂ.ಎಲ್. ಹಿಡಿಯೋ ಪುಟ್ಟ ಚೀಲ ಮಾಡ್ತಾರೆ. ಒಂದು ಸಣ್ಣ ಕಾಫಿ ಲೋಟಕ್ಕಿಂತ ಕಡಿಮೆ. ಉಳಿದ ಜಠರ ಒಳಗೇ ಇರುತ್ತೆ, ಆದರೆ ಅನ್ನ ಅಲ್ಲಿಗೆ ಹೋಗಲ್ಲ. ಸಣ್ಣಕರುಳನ್ನ ಕತ್ತರಿಸಿ ಇಂಗ್ಲಿಷಿನ ವೈ ಅಕ್ಷರದ ಹಾಗೆ ಜೋಡಿಸಿ, ತಿಂದದ್ದು ಕರುಳಿನ ಮೊದಲ ಭಾಗವನ್ನ ಬಿಟ್ಟು ನೇರವಾಗಿ ಕೆಳಗೆ ಇಳಿಯೋ ಹಾಗೆ ಮಾಡ್ತಾರೆ. ಊರೊಳಗಿನ ರಸ್ತೆ ಬಿಟ್ಟು ಬಸ್ಸನ್ನ ಬೈಪಾಸಿಗೆ ತಿರುಗಿಸಿದ ಹಾಗೆ. ಬಸ್ಸು ಬೇಗ ಹೋಗುತ್ತೆ, ಸರಿ. ಆದರೆ ಊರೊಳಗೆ ಹತ್ತಬೇಕಾದವರು ಹತ್ತೋದೇ ಇಲ್ಲ. ಕಬ್ಬಿಣ, ಕ್ಯಾಲ್ಸಿಯಂ ದೇಹಕ್ಕೆ ಮುಖ್ಯವಾಗಿ ಸೇರೋದು ಕರುಳಿನ ಆ ಮೊದಲ ಭಾಗದಲ್ಲೇ. ಬಿ12 ಸೇರಬೇಕಾದ್ರೆ ಜಠರ ಸ್ರವಿಸೋ ಒಂದು ವಸ್ತು ಬೇಕು, ಅದಕ್ಕೂ ಅನ್ನಕ್ಕೂ ಈಗ ಸರಿಯಾಗಿ ಭೇಟಿಯೇ ಇಲ್ಲ. ಹಾಗಾಗಿ ಮಾತ್ರೆ, ಇಂಜೆಕ್ಷನ್ ಮತ್ತು ರಕ್ತಪರೀಕ್ಷೆ ಬದುಕಿರೋವರೆಗೂ ಇರುತ್ತವೆ. ಒಂದು ಕೋರ್ಸು ಮುಗಿಸಿ ಕೈತೊಳೆಯೋ ಹಾಗಿಲ್ಲ.

ಇನ್ನು ಡಂಪಿಂಗ್ ಅಂತ ಒಂದು ತೊಂದರೆ. ಜಠರದ ಕೆಳಗೆ ಒಂದು ಬಾಗಿಲಿದೆ, ತಿಂದದ್ದನ್ನ ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡೋದು ಅದರ ಕೆಲಸ. ನಮ್ಮಂಥವರಲ್ಲಿ ಆಹಾರ ಆ ಬಾಗಿಲ ಹತ್ತಿರ ಹೋಗೋದೇ ಇಲ್ಲ. ಸಿಹಿ ತಿಂದರೆ ಸಕ್ಕರೆ ಒಮ್ಮೆಲೇ ಕರುಳಿಗೆ ಬೀಳುತ್ತೆ, ಕರುಳು ಮೈಯ ನೀರನ್ನ ಒಳಕ್ಕೆ ಎಳೆದುಕೊಳ್ಳುತ್ತೆ. ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ಹಿಂಡೋದು, ಭೇದಿ. ನೆಂಟರ ಮನೆಯ ನಾಮಕರಣದಲ್ಲಿ ಒತ್ತಾಯಕ್ಕೆ ಎರಡು ಚಮಚ ಪಾಯಸ ಕುಡಿದು, ಹಿಂದಿನ ರೂಮಿನಲ್ಲಿ ಚಾಪೆ ಮೇಲೆ ಬಿದ್ದುಕೊಂಡು ಫ್ಯಾನು ನೋಡಿದ್ದೀನಿ. ಇದು ಬೇಗ ಬರೋ ಡಂಪಿಂಗ್. ತಡವಾಗಿ ಬರೋದು ಇನ್ನೊಂದಿದೆ. ಊಟವಾಗಿ ಒಂದರಿಂದ ಮೂರು ಗಂಟೆಯೊಳಗೆ, ಮೈ ಅಗತ್ಯಕ್ಕಿಂತ ಹೆಚ್ಚು ಇನ್ಸುಲಿನ್ ಬಿಟ್ಟು ರಕ್ತದ ಸಕ್ಕರೆ ದಿಢೀರನೆ ಇಳಿಯುತ್ತೆ. ಮಧ್ಯಾಹ್ನ ಮೂರೂವರೆಯ ಮೀಟಿಂಗಿನಲ್ಲಿ ಕೈ ನಡುಗ್ತಾ, ಸ್ಕ್ರೀನ್ ಮೇಲಿನ ಒಂದೇ ಸಾಲು ಮೂರು ಸಲ ಓದಿದ್ರೂ ತಲೆಗೆ ಹೋಗದೆ ಕೂತಿರೋದು ಅಂದ್ರೆ ಅದು. ಹಾಲು ಹಾಕಿದ ಕಾಫಿ ಮೊದಲಿನ ಹಾಗೆ ಒಗ್ಗಲ್ಲ. ಗ್ಯಾಸಿನ ವಿಷಯ ಬರೆಯೋಕೂ ಸಂಕೋಚ. ಆಫೀಸ್ ಕ್ಯಾಬಿನ ಹಿಂದಿನ ಸೀಟಲ್ಲಿ ಇಬ್ಬರ ಮಧ್ಯೆ ಕೂತು ಸಿಲ್ಕ್ ಬೋರ್ಡ್ ದಾಟೋದು ಎಂಥ ತಪಸ್ಸು ಅಂತ ನೀವೇ ಊಹಿಸಿಕೊಳ್ಳಿ.

ಇದರ ಜೊತೆ ಇನ್ನೊಂದು ಸತ್ಯವನ್ನೂ ಹೇಳಲೇಬೇಕು. ನನ್ನ ತೂಕ ಈಗ 83 ಕೆ.ಜಿ. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿದೆ. ರಾತ್ರಿ ನಿದ್ದೆ ಬರುತ್ತೆ. ಇದು ನನ್ನೊಬ್ಬನ ಅದೃಷ್ಟವೂ ಅಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಒಂದು ಅಧ್ಯಯನ, ಆಪರೇಷನ್ ಮಾಡಿಸಿಕೊಂಡ ಸುಮಾರು 2,000 ಜನರನ್ನ ಮಾಡಿಸಿಕೊಳ್ಳದ ಅಷ್ಟೇ ಜನರ ಜೊತೆ ಹೋಲಿಸ್ತಾ ವರ್ಷಗಟ್ಟಲೆ ನಡೆಯಿತು. 2007ರಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ. ಅಂದ್ರೆ ನಾನು ಮಾಡಿದ ವ್ಯಾಪಾರ ನಷ್ಟದ್ದಲ್ಲ. ಲಾಭದ ವ್ಯಾಪಾರದಲ್ಲೂ ನೋವಿದೆ, ಅಷ್ಟೇ.

ಈಗ ಪ್ರಶ್ನೆಗೆ ಬರೋಣ. ಈ ನೋವನ್ನ ಬಾಯಿಬಿಟ್ಟು ಹೇಳಿದಾಗ ಬರೋ ಉತ್ತರ ಹೆಚ್ಚುಕಡಿಮೆ ಒಂದೇ. "ನೀನೇ ಅಲ್ವಾ ಮಾಡಿಸ್ಕೊಂಡಿದ್ದು?" ಕೆಲವರು ಇದಕ್ಕೆ ಬಾಲ ಸೇರಿಸ್ತಾರೆ: "ಬಾಯಿ ಕಟ್ಟಿ ವಾಕಿಂಗ್ ಮಾಡಿದ್ರೆ ಆಗ್ತಿತ್ತು. ಸುಲಭದ ದಾರಿ ಹಿಡಿದೆ, ಅನುಭವಿಸು."

ಈ ತರ್ಕವನ್ನ ಬೇರೆ ಕಡೆ ಇಟ್ಟು ನೋಡಿ. ಮಂಡಿ ಚಿಪ್ಪು ಬದಲಾಯಿಸಿಕೊಂಡ ಅತ್ತೆ, ಮೆಟ್ಟಿಲು ಇಳಿಯುವಾಗ ನೋವು ಅಂದ್ರೆ ಯಾರಾದರೂ "ನೀವೇ ಅಲ್ವಾ ಮಾಡಿಸ್ಕೊಂಡಿದ್ದು" ಅಂತಾರಾ? ಭಾನುವಾರ ಕ್ರಿಕೆಟ್ ಆಡೋಕೆ ಹೋಗಿ ಭುಜ ಜಾರಿಸಿಕೊಂಡ ಟೀಮ್‌ಮೇಟಿಗೆ ನಾವು ಲ್ಯಾಪ್‌ಟಾಪ್ ಬ್ಯಾಗ್ ಹೊತ್ತುಕೊಡ್ತೀವಿ. ದಿನಕ್ಕೆ ಹನ್ನೆರಡು ಗಂಟೆ ಕುರ್ಚಿಯಲ್ಲಿ ಕೂತು ಬೆನ್ನು ಹಾಳುಮಾಡಿಕೊಂಡ ನಮ್ಮಂಥ ಇಂಜಿನಿಯರುಗಳಿಗೆ ಕಂಪನಿಗಳು ಹೊಸ ಕುರ್ಚಿ ಕೊಡಿಸ್ತವೆ. ಇವರೆಲ್ಲರೂ ಆರಿಸಿಕೊಂಡವರೇ. ಆದ್ದರಿಂದ ಆಯ್ಕೆ ಅನ್ನೋದು ಇಲ್ಲಿ ನಿಜವಾದ ಕಾರಣ ಅಲ್ಲ. ಕಾರಣ, ದಪ್ಪ ಇರೋದನ್ನ ನಾವು ಕಾಯಿಲೆ ಅಂತ ಒಪ್ಪಿಲ್ಲ. ಅದನ್ನ ಒಂದು ದುರ್ಗುಣ ಅಂದುಕೊಂಡಿದ್ದೀವಿ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನೋದು ಒಳ್ಳೆ ಮಾತೇ. ಆದರೆ ಅದನ್ನ ತಿರುಗಿಸಿ, ರೋಗ ಬಂದಿದೆ ಅಂದ್ರೆ ಅವನಿಗೆ ಊಟವೇ ಗೊತ್ತಿಲ್ಲ ಅಂತ ತೀರ್ಮಾನಿಸಿದಾಗ ಗಾದೆ ತೀರ್ಪಾಗುತ್ತೆ. ದುರ್ಗುಣಕ್ಕೆ ಶಿಕ್ಷೆ ಬೇಕು, ಆಪರೇಷನ್ನು ಆ ಶಿಕ್ಷೆಯನ್ನ ತಪ್ಪಿಸಿಬಿಟ್ಟಿತು. ಆಮೇಲೆ ಬರೋ ವಾಂತಿ, ಭೇದಿ ನೋಡಿದಾಗ ಲೆಕ್ಕ ಸರಿಹೋಯ್ತು ಅಂತ ನಮಗೆ ಒಳಗೊಳಗೇ ಸಮಾಧಾನ.

ಸುಲಭದ ದಾರಿ ಅನ್ನೋ ಮಾತನ್ನೂ ಪರೀಕ್ಷೆ ಮಾಡೋಣ. ನಮ್ಮ ದೇಶದ ಆರೋಗ್ಯ ವಿಮೆಯ ಪಾಲಿಸಿಯಲ್ಲಿ ಬೊಜ್ಜಿನ ಚಿಕಿತ್ಸೆಯ ಬಗ್ಗೆ ಇರೋ ಷರತ್ತನ್ನ ಒಮ್ಮೆ ಓದಿ. ಬಿಎಂಐ ಕನಿಷ್ಠ 40 ಇರಬೇಕು, ಅಥವಾ ಕನಿಷ್ಠ 35 ಇದ್ದು ಹೃದ್ರೋಗ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ಗಂಭೀರ ತೊಂದರೆ ಇರಬೇಕು. 35ರ ಲೆಕ್ಕದಲ್ಲಿ ಬರೋರು ಅದಕ್ಕೂ ಮುಂಚೆ ತೂಕ ಇಳಿಸೋ ಬೇರೆ ವಿಧಾನಗಳು ಸೋತಿರಬೇಕು. ಅಂದ್ರೆ ಕಷ್ಟದ ದಾರಿಯಲ್ಲಿ ನಡೆದು ಸೋತವನಿಗೇ ಈ ಬಾಗಿಲು. ಯಾಕೆ ಸೋಲ್ತಾರೆ ಅನ್ನೋದಕ್ಕೂ ಉತ್ತರ ಇದೆ. ಆಸ್ಟ್ರೇಲಿಯಾದಲ್ಲಿ ಡಯಟ್ ಮಾಡಿ ತೂಕ ಇಳಿಸಿದವರ ರಕ್ತ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಒಂದು ವರ್ಷ ಕಳೆದ ಮೇಲೂ ಅವರ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ, ಮೈ ಇನ್ನೂ ಕಳೆದುಕೊಂಡ ತೂಕವನ್ನ ವಾಪಸ್ ಕೇಳ್ತಾನೇ ಇತ್ತು. ಇಚ್ಛಾಶಕ್ತಿ ಒಂದು ದಿನದ ಮಾತಲ್ಲ, ಪ್ರತಿದಿನ ಪ್ರತಿ ಊಟಕ್ಕೂ ತನ್ನ ಮೈಯ ವಿರುದ್ಧವೇ ಕುಸ್ತಿ. ಆ ಕುಸ್ತಿ ಗೆದ್ದವರಿಗೆ ನನ್ನ ನಮಸ್ಕಾರ. ಸೋತವರು ಸೋಮಾರಿಗಳು ಅನ್ನೋದನ್ನ ಮಾತ್ರ ಒಪ್ಪಲಾರೆ.

ಈಗ ಸಹಿಯ ವಿಷಯ. ಆಪರೇಷನ್ನಿಗೆ ಮುಂಚೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕ್ತೀವಿ, ಹೀಗೆಲ್ಲ ಆಗಬಹುದು ಅಂತ ಅದರಲ್ಲಿ ಬರೆದಿರುತ್ತೆ. ಹಾಗಾದ್ರೆ ದೂರೋ ಹಕ್ಕು ಮುಗಿಯಿತಾ? ನಮ್ಮ ಕಸುಬಿನ ಉದಾಹರಣೆ ಕೊಡ್ತೀನಿ. ಸಾಫ್ಟ್‌ವೇರ್ ಬಿಡುಗಡೆ ಮಾಡುವಾಗ ರಿಲೀಸ್ ನೋಟ್ಸ್ ಕೊನೆಗೆ ಗೊತ್ತಿರೋ ತೊಂದರೆಗಳ ಪಟ್ಟಿ ಹಾಕ್ತೀವಿ. ಗ್ರಾಹಕ ಅದನ್ನ ಓದಿಯೇ ಇನ್‌ಸ್ಟಾಲ್ ಮಾಡ್ತಾನೆ. ನಾಳೆ ಅದೇ ತೊಂದರೆಯಾಗಿ ಅವನು ಫೋನ್ ಮಾಡಿದಾಗ "ಪಟ್ಟಿಯಲ್ಲಿ ಬರೆದಿದ್ವಲ್ಲ" ಅಂತ ಟಿಕೆಟ್ ಕ್ಲೋಸ್ ಮಾಡಿದ್ರೆ ನಮ್ಮ ಮ್ಯಾನೇಜರೇ ಬಯ್ತಾರೆ. ತೊಂದರೆ ಗೊತ್ತಿತ್ತು ಅನ್ನೋದು, ಆದಾಗ ಏನು ಮಾಡಬೇಕು ಅಂತ ತಯಾರಾಗಿರೋಕೆ ಕಾರಣವೇ ಹೊರತು ಕೈಬಿಡೋಕಲ್ಲ. ಒಪ್ಪಿಗೆ ಪತ್ರವೂ ಹಾಗೇ. "ಅಪಾಯ ಗೊತ್ತು, ಆದ್ರೂ ಮುಂದುವರಿಯೋಣ" ಅಂತ ನಾನು ಅದರಲ್ಲಿ ಒಪ್ಪಿದ್ದೀನಿ. "ಅಪಾಯ ಬಂದ ದಿನ ನನ್ನನ್ನ ಒಬ್ಬನೇ ಬಿಡಿ" ಅಂತ ಒಪ್ಪಿಲ್ಲ.

ಎದುರಿನ ವಾದಕ್ಕೂ ಜಾಗ ಕೊಡಬೇಕು, ಅದರಲ್ಲಿ ಹುರುಳಿದೆ. ಎಲ್ಲ ತೊಂದರೆಯೂ ತಾನಾಗಿ ಬರಲ್ಲ. ಮಾತ್ರೆ ಬಿಟ್ಟವನಿಗೆ ರಕ್ತಹೀನತೆ ಬರುತ್ತೆ. ಊಟದ ಜೊತೆ ನೀರು ಕುಡಿಬೇಡ, ಅರ್ಧ ಗಂಟೆ ತಡಿ ಅಂದ್ರೆ ಕೇಳದವನಿಗೆ ಹೊಟ್ಟೆ ಕೆಡುತ್ತೆ. ಸಿಗರೇಟು ಸೇದೋನಿಗೆ ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತೆ. ಬೈಪಾಸ್ ಆದ ಮೇಲೆ ಮದ್ಯ ರಕ್ತಕ್ಕೆ ಬೇಗ ಏರುತ್ತೆ, ಚಟ ಅಂಟೋ ಅಪಾಯವೂ ಹೆಚ್ಚು. ಇಲ್ಲೆಲ್ಲ ನಮ್ಮ ಜವಾಬ್ದಾರಿ ಇಲ್ವಾ?

ಖಂಡಿತ ಇದೆ. ಆದರೆ ಜವಾಬ್ದಾರಿ ಬೇರೆ, ದೂಷಣೆ ಬೇರೆ. ದೂಷಣೆಗೆ ಬೇಕಾಗಿರೋದು ಇದು ಯಾರಿಂದ ಆಯ್ತು ಅನ್ನೋದರ ಉತ್ತರ, ಅದು ಸಿಕ್ಕಿದ ಕೂಡಲೇ ಎದ್ದು ಹೋಗುತ್ತೆ. ಜವಾಬ್ದಾರಿ ಕೇಳೋದು ಇನ್ನು ಏನು ಮಾಡೋಣ ಅಂತ. ಮಾತ್ರೆ ಬಿಟ್ಟವನಿಗೆ "ನಿಂಗೆ ಹಾಗೇ ಆಗಬೇಕು" ಅಂದ್ರೆ ಅವನು ನಾಳೆ ಮಾತ್ರೆ ತಗೋತಾನೆ ಅನ್ನೋ ಗ್ಯಾರಂಟಿ ಇಲ್ಲ. ಬೈಗುಳಕ್ಕೆ ಹೆದರಿ ಡಾಕ್ಟರ ಹತ್ತಿರ ಹೋಗೋದನ್ನೇ ನಿಲ್ಲಿಸೋ ಸಾಧ್ಯತೆ ಇದೆ. ಯಾಕೆ ಬಿಟ್ಟೆ, ವಾಕರಿಕೆ ಬರುತ್ತಾ, ದುಡ್ಡಿಗೆ ತೊಂದರೆನಾ ಅಂತ ಕೇಳಿದರೆ ದಾರಿ ಸಿಗುತ್ತೆ. ಇಬ್ಬರೂ ಹೇಳ್ತಿರೋದು ಅದೇ ಮಾತ್ರೆಯ ವಿಷಯ, ಆದರೆ ಒಬ್ಬರಿಂದ ಮಾತ್ರ ಉಪಯೋಗ.

ನರಳೋದಕ್ಕೆ ಹಕ್ಕಿದೆ ಅಂತ ನಾನು ವಾದ ಮಾಡೋಕೆ ಇನ್ನೊಂದು ಕಾರಣ ಇದೆ, ಅದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತೆ. ಅಮೆರಿಕದಲ್ಲಿ 1950ರ ದಶಕದಲ್ಲಿ ತೂಕ ಇಳಿಸೋಕೆ ಬೇರೊಂದು ಆಪರೇಷನ್ ಶುರುವಾಯ್ತು. ಜಠರ ಮುಟ್ಟದೆ ಸಣ್ಣಕರುಳಿನ ಬಹುಭಾಗವನ್ನೇ ದಾರಿಯಿಂದ ತೆಗೆದುಬಿಡೋದು. ತೂಕವೇನೋ ಚೆನ್ನಾಗಿ ಇಳಿಯಿತು. ಜೊತೆಗೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಕೀಲುನೋವು, ಕೆಲವರಿಗೆ ಯಕೃತ್ತೇ ಕೈಕೊಡೋದು. ಈ ನೋವುಗಳೆಲ್ಲ ದಾಖಲಾದ್ದರಿಂದಲೇ ವೈದ್ಯರು ಆ ಆಪರೇಷನ್ನನ್ನ ಕೈಬಿಟ್ಟರು. ಇತ್ತ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡವರು ಮತ್ತೆ ದಪ್ಪ ಆಗೋದಿಲ್ಲ ಅನ್ನೋದನ್ನ ಗಮನಿಸಿ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಶುರುಮಾಡಿದರು. ಅದೂ ತಿದ್ದುತ್ತಾ ತಿದ್ದುತ್ತಾ ಇವತ್ತಿನ ರೂಪಕ್ಕೆ ಬಂತು. ನನ್ನ ಹೊಟ್ಟೆಯೊಳಗಿನ ಜೋಡಣೆ ಇಷ್ಟು ಸುರಕ್ಷಿತವಾಗಿದ್ದರೆ, ಹಿಂದೆ ಯಾರೋ ಊರು ಹೆಸರು ಗೊತ್ತಿಲ್ಲದ ರೋಗಿಗಳು "ನಾನೇ ಮಾಡಿಸ್ಕೊಂಡಿದ್ದು, ಸುಮ್ಮನಿರೋಣ" ಅಂತ ಬಾಯಿ ಮುಚ್ಚಿಕೊಂಡಿರಲಿಲ್ಲ ಅನ್ನೋದೇ ಕಾರಣ. ನಾನು ಸಹಿ ಹಾಕಿದ ಒಪ್ಪಿಗೆ ಪತ್ರದ ಒಂದೊಂದು ಸಾಲೂ ಯಾರದೋ ನರಳಾಟ. ಹಾಗಿದ್ದ ಮೇಲೆ ನನ್ನ ಪಾಲಿನದನ್ನ ನಾನು ಹೇಳದಿದ್ದರೆ ಮುಂದಿನವನು ಯಾವುದನ್ನ ಓದಿ ಸಹಿ ಹಾಕ್ತಾನೆ? ಇಳಿದ ತೂಕದ ಫೋಟೋ ಮಾತ್ರ ನೋಡಿ ಹಾಕಿದ ಸಹಿ ಪೂರ್ತಿ ಒಪ್ಪಿಗೆ ಅಲ್ಲ.

ಇಷ್ಟು ಹೇಳಿದ ಮೇಲೆ ಬರೋ ಮುಂದಿನ ಪ್ರಶ್ನೆ, "ಹಾಗಾದ್ರೆ ಮಾಡಿಸ್ಕೊಂಡಿದ್ದಕ್ಕೆ ಬೇಜಾರಿದೆಯಾ?" ಇಲ್ಲ. ಮತ್ತೆ ಆ ದಿನಕ್ಕೆ ಹೋದರೂ ಮಾಡಿಸಿಕೊಳ್ತೀನಿ. ಕೇಳಿದವರಿಗೆ ಇದು ಗೊಂದಲ. ಬೇಜಾರಿಲ್ಲ ಅಂದ್ರೆ ದೂರಬಾರದು, ದೂರಿದ್ರೆ ಬೇಜಾರಿದೆ ಅಂತ ಅರ್ಥ, ಎರಡರಲ್ಲಿ ಒಂದು ಹೇಳು ಅಂತಾರೆ. ಆದರೆ ಊರು ಬಿಟ್ಟು ಬೆಂಗಳೂರಿಗೆ ಬಂದ ನಮಗೆಲ್ಲ ಎರಡೂ ಒಟ್ಟಿಗೇ ಇರುತ್ತೆ ಅಂತ ಗೊತ್ತಿರಬೇಕಲ್ಲ? ಬಂದದ್ದಕ್ಕೆ ಬೇಜಾರಿಲ್ಲ. ಹಾಗಂತ ಟ್ರಾಫಿಕ್ ಬಗ್ಗೆ, ಬಾಡಿಗೆ ಬಗ್ಗೆ, ಹಬ್ಬಕ್ಕೆ ರಜೆ ಸಿಗದ ಬಗ್ಗೆ ಗೊಣಗೋದನ್ನ ಬಿಟ್ಟಿದ್ದೀವಾ? ಸರಿಯಾದ ಆಯ್ಕೆಗೂ ಬೆಲೆ ಇರುತ್ತೆ, ಆ ಬೆಲೆ ಕೊಡುವಾಗ ಜೇಬು ನೋಯುತ್ತೆ.

ಈ ಬೆಲೆಯನ್ನ ನಾನೊಬ್ಬನೇ ಕೊಡ್ತಿಲ್ಲ ಅನ್ನೋದು ಗೊತ್ತಾಗಿದ್ದು ಮನೆಯಲ್ಲಿ. ನಮ್ಮ ಕಡೆ ಮುದ್ದೆಯನ್ನ ಅಗಿಯೋ ಹಾಗಿಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು. ಮುದ್ದೆ ಅಗಿಯೋನನ್ನ ಕಂಡ್ರೆ ಪ್ಯಾಟೆಯವನು ಅಂತ ನಗ್ತಾರೆ. ನನಗೋ ಡಯಟೀಷಿಯನ್ ಕಟ್ಟುನಿಟ್ಟು, ಯಾವುದನ್ನೂ ಅಗಿಯದೆ ನುಂಗಬಾರದು. ಬೀಗರೂಟಕ್ಕೆ ಹೋಗಿ ಎರಡು ಪೀಸು ತಿಂದು ಎದ್ದರೆ ಬೀಗರಿಗೇ ಅವಮಾನ. ಎಲೆಯಲ್ಲಿ ಬಿಟ್ಟರೆ ಅನ್ನಕ್ಕೆ ಅವಮಾನ. ಎದುರು ಸಿಕ್ಕವರನ್ನ ಮೊದಲು ಕೇಳೋದೇ "ಉಂಡ್ಯಾ" ಅಂತ ಇರೋ ಊರಲ್ಲಿ, ಬಡಿಸೋದು ಬರೀ ಊಟ ಅಲ್ಲ. ಅಲ್ಲಿ ಪ್ರೀತಿ ಹೇಳೋಕೆ ಬೇರೆ ಮಾತಿಲ್ಲ, ಇನ್ನೊಂದು ತುತ್ತು ಅನ್ನೋದೇ ಆ ಮಾತು. ನಾನು ಬೇಡ ಅಂದಾಗಲೆಲ್ಲ ಅವ್ವನಿಗೆ ಕೇಳಿಸಿದ್ದು ಬೇರೆ ಏನೋ. "ಕೋಳಿಮರಿ ಕುಕ್ಕಿದಂಗೆ ಉಂಡ್ರೆ ಹೆಂಗ್ ಮಗ ಜೀವ ನಿಲ್ಲೋದು" ಅಂತ ಎಷ್ಟು ಸಲ ಕಣ್ಣು ಒರೆಸಿಕೊಂಡಳೋ.

ಇಲ್ಲಿ ನನ್ನ ಕರ್ತವ್ಯ ಏನು? ಅವಳ ಸಮಾಧಾನಕ್ಕೆ ಉಂಡು ಹಿತ್ತಲಿಗೆ ಹೋಗಿ ವಾಂತಿ ಮಾಡೋದು ಪ್ರೀತಿ ಅಲ್ಲ. ಡಾಕ್ಟರು ಹೇಳಿದ್ದಾರೆ ಅಂತ ತಟ್ಟೆ ತಳ್ಳಿ ಏಳೋದೂ ಸರಿ ಅಲ್ಲ. ಒಂದು ಸಲ ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತು, ಕಾಫಿ ಲೋಟ ಎತ್ತಿ ತೋರಿಸಿ, ಈಗ ನನ್ನ ಹೊಟ್ಟೆ ಇದಕ್ಕಿಂತ ಚಿಕ್ಕದು, ತುಂಬಿದ ಮೇಲೆ ಹಾಕಿದ್ರೆ ಚೆಲ್ಲುತ್ತೆ ಅಂತ ಬಿಡಿಸಿ ಹೇಳಿದೆ. ಅವ್ವ ಲೋಟವನ್ನ ಬಹಳ ಹೊತ್ತು ನೋಡಿದಳು, ಏನೂ ಮಾತಾಡಲಿಲ್ಲ. ಮಾರನೆ ದಿನ ಎಲ್ಲರ ಮುದ್ದೆ ಕಟ್ಟಿದ ಮೇಲೆ ಕೊನೆಗೆ ನಿಂಬೆಹಣ್ಣಿನ ಗಾತ್ರದ್ದೊಂದು ಕಟ್ಟಿ, ಉಪ್ಸಾರಿನಲ್ಲಿ ಅವಳೇ ಕಿವುಚಿ ಕೊಟ್ಟಳು. ಮಗುವಾಗಿದ್ದಾಗ ಕೊಡ್ತಿದ್ದ ಹಾಗೆ. ಪೂರ್ತಿ ಉಂಡೆ. "ನೀನೇ ಮಾಡಿಸ್ಕೊಂಡಿದ್ದು" ಅನ್ನೋ ಮಾತು ಅವಳ ಬಾಯಲ್ಲಿ ಒಂದು ದಿನವೂ ಬಂದಿಲ್ಲ. ಅವಳಿಗೆ ಬೇಕಾಗಿದ್ದು ನನ್ನ ಹೊಟ್ಟೆ ಎಷ್ಟು ಹಿಡಿಯುತ್ತೆ ಅನ್ನೋ ಅಳತೆ ಮಾತ್ರ.

ನಿಮ್ಮ ಆಫೀಸಿನಲ್ಲೋ ಮನೆಯಲ್ಲೋ ಇಂಥವರು ಇದ್ದಾರೆ, ಎಷ್ಟೋ ಸಲ ನಿಮಗೆ ಗೊತ್ತಿರಲ್ಲ. ಬರ್ತ್‌ಡೇ ಕೇಕ್ ಬೇಡ ಅಂದವರಿಗೆ ಎರಡನೇ ಸಲ ಒತ್ತಾಯ ಮಾಡಬೇಡಿ. ಊಟದ ಮಧ್ಯೆ ಎದ್ದುಹೋದರೆ ಯಾಕೆ ಅಂತ ಎಲ್ಲರೆದುರು ಕೇಳಬೇಡಿ. ಗೊತ್ತಿದ್ದವರೇ ಆದರೆ ಕೆಲವು ಸೂಚನೆಗಳನ್ನ ಹಗುರವಾಗಿ ತಗೋಬೇಡಿ. ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಥಯಾಮಿನ್ ಅನ್ನೋ ವಿಟಮಿನ್ ಖಾಲಿಯಾಗಿ ಮಿದುಳಿಗೇ ಏಟು ಬೀಳಬಹುದು. ಆಪರೇಷನ್ ಆಗಿ ವರ್ಷಗಳಾದ ಮೇಲೂ ತಡೆಯಲಾಗದ ಹೊಟ್ಟೆನೋವು ಬಂದರೆ ಒಳಗೆ ಕರುಳು ಸಿಕ್ಕಿಕೊಂಡಿರಬಹುದು. ಎರಡಕ್ಕೂ ಜೀರಿಗೆ ಕಷಾಯ ಸಾಲದು, ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು, ಬೈಪಾಸ್ ಆಗಿದೆ ಅಂತ ಮೊದಲೇ ಹೇಳಬೇಕು. ತಲೆನೋವು, ಮೈಕೈನೋವು ಅಂದಾಗ ಮೆಡಿಕಲ್ ಶಾಪಿನಿಂದ ಕೈಗೆ ಸಿಕ್ಕ ನೋವಿನ ಮಾತ್ರೆ ತಂದುಕೊಡಬಾರದು, ಅವುಗಳಲ್ಲಿ ಎಷ್ಟೋ ಹುಣ್ಣು ಮಾಡ್ತವೆ.

ಇನ್ನು ಗಾದೆಯ ವಿಷಯ. ಅದು ಸುಳ್ಳು ಅಂತ ನಾನು ಹೇಳಲ್ಲ. ಮಾಡಿದ್ದನ್ನ ನಾನು ಉಣ್ಣಲೇಬೇಕು, ದಿನಕ್ಕೆ ಆರು ಸಲ, ಚೆನ್ನಾಗಿ ಅಗಿದು ಉಣ್ತಾನೂ ಇದ್ದೀನಿ. ಆದರೆ ಗಾದೆ ಅಷ್ಟು ಹೇಳಿ ನಿಲ್ಲಿಸಿದೆ. ಒಬ್ಬನೇ ಕೂತು ಉಣ್ಣು ಅಂತ ಅದರಲ್ಲಿ ಎಲ್ಲೂ ಇಲ್ಲ.